ಒಂಬತ್ತು ಸಾವಿರ ಡಾಲರ್, ಎರಡು ಸೀಟು: ಹಳೇ ಮಿಯಾಟಾ ಕೊಂಡ ಒಂದು ಪ್ರಕರಣ

ಹಾಸನದಿಂದ ನನ್ನ ಶಾಲೆಯ ಗೆಳೆಯ ಒಂದು ಭಾನುವಾರ ಬೆಳಿಗ್ಗೆ ಫೋನ್ ಮಾಡಿದ. ಅವನ ಮಗ ಇಲ್ಲೇ ಮಿಶಿಗನ್‌ನಲ್ಲಿ ಎಂಎಸ್ ಓದುತ್ತಿದ್ದಾನೆ. "ಯಾವುದೋ ಹಳೇ ಸ್ಪೋರ್ಟ್ಸ್ ಕಾರ್ ತಗೋತೀನಿ ಅಂತಿದ್ದಾನೆ ಕಣೋ. ಎರಡೇ ಸೀಟಂತೆ. ಒಂದು ಕ್ಯಾಮ್ರಿ ತಗೊಳ್ಳೋಕೆ ಏನು ಕಷ್ಟ? ನೀನಾದ್ರೂ ಬುದ್ಧಿ ಹೇಳು" ಅಂದ.

ನಾನು ಡೆಟ್ರಾಯಿಟ್ ಹತ್ತಿರ ಇಪ್ಪತ್ತು ವರ್ಷದಿಂದ ಕಾರಿನ ಬ್ರೇಕ್ ಕೆಲಸದಲ್ಲಿದ್ದೇನೆ. ಬುದ್ಧಿ ಹೇಳಲು ಹೋದವನು ಕೊನೆಗೆ ಹುಡುಗನ ಜೊತೆ 500 ಮೈಲಿ ಹೋಗಿ ಕಾರು ಕೊಡಿಸಿಕೊಂಡು ಬಂದೆ. ಅದು ಹೇಗಾಯಿತು, ಯಾವ ಕಾರನ್ನು ಯಾಕೆ ಬಿಟ್ಟೆವು, ನಾನು ಎಲ್ಲಿ ತಪ್ಪಿದೆ ಅನ್ನೋದನ್ನೆಲ್ಲ ಬರೆದಿಡುತ್ತಿದ್ದೇನೆ. ಇಲ್ಲಿಗೆ ಓದಲು ಬರುವ ನಮ್ಮ ಹುಡುಗರು ಇದೇ ಪ್ರಶ್ನೆ ಮತ್ತೆ ಮತ್ತೆ ಕೇಳುತ್ತಾರೆ.

ಹುಡುಗನಿಗೆ 23 ವರ್ಷ. ಅಪ್ಪನ ಮಾರುತಿ 800ರಲ್ಲಿ ಡ್ರೈವಿಂಗ್ ಕಲಿತವನು. ಊರಲ್ಲಿ ಎಂಜಿನಿಯರಿಂಗ್ ಓದುವಾಗ ಎಸ್‌ಎಇ ಇಂಡಿಯಾದ ಸುಪ್ರಾ ಅನ್ನುವ ವಿದ್ಯಾರ್ಥಿಗಳ ರೇಸ್ ಕಾರ್ ಸ್ಪರ್ಧೆಗೆ ಕಾರು ಕಟ್ಟಿದ ತಂಡದಲ್ಲಿದ್ದ. ಹಾಗಾಗಿ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಕ್ಲಚ್ಚಿನ ಭಯ ಇಲ್ಲ. ಆದರೆ ಅಮೆರಿಕದ ಲೈಸೆನ್ಸ್ ಸಿಕ್ಕಿ ಬರೀ ಎಂಟು ತಿಂಗಳು. ಬೇಸಿಗೆಯ ಇಂಟರ್ನ್‌ಶಿಪ್‌ನಲ್ಲಿ ಉಳಿಸಿದ 9,000 ಡಾಲರ್ ಕೈಯಲ್ಲಿತ್ತು. ಸಾಲ ಬೇಡ ಅಂತ ಅವನೇ ಮೊದಲೇ ನಿರ್ಧಾರ ಮಾಡಿದ್ದ. ಆ ಮಾತು ಕೇಳಿದ ಮೇಲೆ ನನಗೆ ಅವನ ಮೇಲೆ ನಂಬಿಕೆ ಬಂತು.

ಅವನ ಪಟ್ಟಿಯಲ್ಲಿ ಮೂರು ಕಾರಿದ್ದವು. ನಿಸಾನ್ 350ಝಡ್, ಮಾಜ್ದಾ ಆರ್‌ಎಕ್ಸ್-8, ಮೊದಲ ಪೀಳಿಗೆಯ ಪೋರ್ಶೆ ಬಾಕ್ಸ್‌ಟರ್. ನಾಲ್ಕನೆಯದು ನಾನು ಸೇರಿಸಿದ್ದು, ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಅದನ್ನು ಎಲ್ಲರೂ ಮಿಯಾಟಾ ಅಂತಲೇ ಕರೆಯುತ್ತಾರೆ. ಹುಡುಗ ಮುಖ ಸಪ್ಪೆ ಮಾಡಿದ. "ಅದರಲ್ಲಿ ಪವರ್ ಇಲ್ಲ ಅಂಕಲ್."

ಕಾರಿನ ಮಾತಿಗೆ ಮುಂಚೆ ದುಡ್ಡಿನ ಮಾತು ಆಗಲಿ ಅಂದೆ. ಕಾರಿಗೆ 5,500 ಡಾಲರ್ ದಾಟಬಾರದು. ಉಳಿದ 3,500 ಬೇರೆ ಖಾತೆಯಲ್ಲಿ ಇರಬೇಕು. ಮಿಶಿಗನ್‌ನಲ್ಲಿ 6% ತೆರಿಗೆ ಇದೆ, ಇನ್ಶೂರೆನ್ಸ್ ಇದೆ, ಟೈರು, ಬೆಲ್ಟು, ಆಯಿಲ್ಲು ಇವೆ. ಹಳೇ ಸ್ಪೋರ್ಟ್ಸ್ ಕಾರಿನಲ್ಲಿ ಮೋಸ ಹೋಗುವ ಜಾಗ ಇದೇ. ಬಾಕ್ಸ್‌ಟರ್ ಹೊಸದಾಗಿ ಬಂದಾಗ ಸುಮಾರು 40,000 ಡಾಲರ್ ಇತ್ತು. ಈಗ ಕಾರು ಅಗ್ಗವಾಗಿ ಸಿಗುತ್ತದೆ, ಆದರೆ ಅದರ ಬಿಡಿಭಾಗಗಳು ಇವತ್ತಿಗೂ 40,000 ಡಾಲರ್ ಕಾರಿನ ಬಿಡಿಭಾಗಗಳೇ. ಮೂಗಿಗಿಂತ ಮೂಗುತಿ ಭಾರ ಅಂತಾರಲ್ಲ, ಹಾಗೆ.

ಬಾಕ್ಸ್‌ಟರ್ ಬೇಗ ಬಿದ್ದುಹೋಯಿತು. ಅದರ ಎಂಜಿನ್ ಒಳಗೆ ಇಂಟರ್‌ಮೀಡಿಯೆಟ್ ಶಾಫ್ಟ್ ಅಂತ ಒಂದಿದೆ. ಅದರ ತುದಿಯ ಬೇರಿಂಗ್ ಕೆಲವು ಕಾರುಗಳಲ್ಲಿ ಕೈಕೊಡುತ್ತದೆ. ಕೊಟ್ಟರೆ ಎಂಜಿನ್ನೇ ಹೋಗುತ್ತದೆ. 2000ದ ನಂತರದ ಒಂಟಿ ಸಾಲಿನ ಬೇರಿಂಗ್‌ಗಳಲ್ಲಿ ಈ ತೊಂದರೆ ಜಾಸ್ತಿ. ಬದಲಾಯಿಸಲು ಗೇರ್‌ಬಾಕ್ಸ್ ಕೆಳಗಿಳಿಸಬೇಕು. ಎಷ್ಟೋ ಬಾಕ್ಸ್‌ಟರ್‌ಗಳು ಏನೂ ಆಗದೆ ಓಡುತ್ತಿವೆ, ನಿಜ. ಆದರೆ ಒಂದೇ ಒಂದು ಪೆಟ್ಟಿಗೆ ವಿದ್ಯಾರ್ಥಿಯ ಎಲ್ಲ ಉಳಿತಾಯ ಹೋಗುವ ಹಾಗಿದ್ದರೆ ಆ ಆಟ ಆಡಬಾರದು.

350ಝಡ್ ಬಿದ್ದದ್ದು ಇನ್ಶೂರೆನ್ಸ್‌ನಲ್ಲಿ. ಅದು 3.5 ಲೀಟರ್‌ನ ವಿ6, ಮೊದಲ ವರ್ಷಗಳ ಕಾರಿಗೆ 287 ಅಶ್ವಶಕ್ತಿ. ಹುಡುಗ ಮೂರು ಕಂಪನಿಗಳನ್ನು ಕೇಳಿದ. ಮೂರೂ ಊರಿನ ಡ್ರೈವಿಂಗ್ ಅನುಭವವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಅವರ ಪಾಲಿಗೆ ಇವನು ಎಂಟು ತಿಂಗಳ ಡ್ರೈವರ್. ಝಡ್‌ಗೆ ಹೇಳಿದ ದರ ಮಿಯಾಟಾಗೆ ಹೇಳಿದ್ದರ ಹತ್ತಿರ ಹತ್ತಿರ ಎರಡರಷ್ಟು. ಕಾರು ನೋಡಲು ಹೋಗುವ ಮುಂಚೆಯೇ ಇದನ್ನು ಕೇಳಬೇಕು. ಮಾರುವವರ ಹತ್ತಿರ 17 ಅಕ್ಷರದ ವಿಐಎನ್, ಅಂದರೆ ಆ ಕಾರಿನ ಗುರುತಿನ ಸಂಖ್ಯೆ, ಇಸಿದುಕೊಂಡರೆ ಆ ಕಾರಿಗೇ ಸರಿಯಾದ ದರ ಹೇಳುತ್ತಾರೆ.

ಆರ್‌ಎಕ್ಸ್-8 ಮಾತ್ರ ಅವನ ಮನಸ್ಸಿನಿಂದ ಇಳಿಯಲೇ ಇಲ್ಲ. ಅದರ ಎಂಜಿನ್‌ನಲ್ಲಿ ಪಿಸ್ಟನ್ ಇಲ್ಲ. ತ್ರಿಕೋನದ ಎರಡು ರೋಟರ್‌ಗಳು ಸುತ್ತುತ್ತವೆ. 1.3 ಲೀಟರ್ ಅಷ್ಟೇ, ಆದರೆ 9,000 ಆರ್‌ಪಿಎಂ ತನಕ ಹಾಡುತ್ತದೆ. ಎಂಜಿನಿಯರಿಂಗ್ ಓದಿದ ಯಾವ ಹುಡುಗನಿಗೆ ಆಸೆ ಆಗಲ್ಲ? ನನಗೂ ಆಗುತ್ತದೆ. ಸರಿ, ಒಂದನ್ನು ನೋಡಿಯೇ ಬರೋಣ ಅಂತ ಹೋದೆವು.

ಮಾರುವವರು ಎಂಜಿನ್ ಚಾಲೂ ಮಾಡಿ ತೋರಿಸಿದರು. ತಕ್ಷಣ ಹಿಡಿಯಿತು. ಅರ್ಧ ಗಂಟೆ ಓಡಿಸಿ, ಬಿಸಿ ಮಾಡಿ, ಆಫ್ ಮಾಡಿ, ಹತ್ತು ನಿಮಿಷ ಕಾದೆವು. ಮತ್ತೆ ಕೀ ತಿರುಗಿಸಿದರೆ ಸ್ಟಾರ್ಟರ್ ಸುತ್ತುತ್ತಲೇ ಇತ್ತು. ಏಳೆಂಟು ಸೆಕೆಂಡ್ ಆದ ಮೇಲೆ ಹಿಡಿಯಿತು. ರೋಟರ್ ತುದಿಯ ಸೀಲ್‌ಗಳು ಸವೆದಿದ್ದರೆ ಬಿಸಿ ಎಂಜಿನ್‌ನಲ್ಲಿ ಕಂಪ್ರೆಶನ್, ಅಂದರೆ ಒಳಗೆ ಒತ್ತಿ ಹಿಡಿಯುವ ಒತ್ತಡ, ಬೀಳುತ್ತದೆ. ಹಾಗಾದಾಗ ಹೀಗೇ ಆಗುತ್ತದೆ. ಮಾಜ್ದಾ ಕಂಪನಿ ಅಮೆರಿಕದಲ್ಲಿ 2004ರಿಂದ 2008ರ ಮಾಡೆಲ್‌ಗಳಿಗೆ ರೋಟರಿ ಎಂಜಿನ್ನಿನ ವಾರಂಟಿಯನ್ನು 8 ವರ್ಷ ಅಥವಾ ಒಂದು ಲಕ್ಷ ಮೈಲಿಗೆ ಹೆಚ್ಚಿಸಿತ್ತು. ಆ ವರ್ಷಗಳೆಲ್ಲ ಕಳೆದುಹೋಗಿವೆ. ಈ ಎಂಜಿನ್ ಓಡುವಾಗ ಸ್ವಲ್ಪ ಆಯಿಲ್ ಸುಡುವುದು ಅದರ ವಿನ್ಯಾಸದಲ್ಲೇ ಇದೆ. ಸೀಲ್‌ಗಳಿಗೆ ಜಿಡ್ಡು ಸಿಗಲಿ ಅಂತ ಅದೇ ಆಯಿಲ್ಲನ್ನು ಒಳಗೆ ಚಿಮ್ಮಿಸುತ್ತದೆ. ಆಗಾಗ ಆಯಿಲ್ ನೋಡದ ಒಬ್ಬ ಹಳೇ ಮಾಲೀಕ ಸಾಕು, ಎಂಜಿನ್ ಹಾಳಾಗಲು. ಹುಡುಗ ವಾಪಸ್ ಬರುವ ದಾರಿಯಲ್ಲಿ ಮಾತೇ ಆಡಲಿಲ್ಲ. ನಾನೂ ಸುಮ್ಮನಿದ್ದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸುರಕ್ಷತೆ ಒಂದೇ ಲೆಕ್ಕ ಅಂದರೆ ನನ್ನ ಗೆಳೆಯ ಹೇಳಿದ್ದೇ ಸರಿ. ಕಾರು ಜಾರಿ ಅಡ್ಡ ತಿರುಗಲು ಶುರುವಾದಾಗ ಒಂದೊಂದು ಚಕ್ರಕ್ಕೆ ಬೇರೆ ಬೇರೆ ಬ್ರೇಕ್ ಹಾಕಿ ನೇರ ಮಾಡುವ ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್ ಅಮೆರಿಕದಲ್ಲಿ 2012ರ ಮಾಡೆಲ್‌ನಿಂದ ಎಲ್ಲ ಕಾರಿಗೂ ಕಡ್ಡಾಯ. ನನ್ನ ಕೆಲಸವೇ ಅದರ ಸುತ್ತಮುತ್ತ. ಅದು ಎಷ್ಟು ಜೀವ ಉಳಿಸುತ್ತದೆ ಅಂತ ಗೊತ್ತಿದ್ದೂ, ಅದಿಲ್ಲದ ಕಾರನ್ನು ಗೆಳೆಯನ ಮಗನಿಗೆ ಕೊಡಿಸುವುದು ಸರಿಯಾ? ಎರಡು ರಾತ್ರಿ ಯೋಚನೆ ಮಾಡಿದೆ. ಹಳೇ ಮಿಯಾಟಾದಲ್ಲಿ ಎರಡು ಏರ್‌ಬ್ಯಾಗ್ ಬಿಟ್ಟರೆ ಬೇರೆ ಇಲ್ಲ. ಮೇಲೆ ಛಾವಣಿಯ ಬದಲು ಮಡಚುವ ಬಟ್ಟೆಯ ಹುಡ್. ಸುತ್ತ ಓಡಾಡುವ ಪಿಕಪ್ ಟ್ರಕ್‌ಗಳ ಬಾನೆಟ್ ನಮ್ಮ ತಲೆಗಿಂತ ಎತ್ತರ.

ಇದನ್ನೆಲ್ಲ ಹುಡುಗನಿಗೆ ಹಾಗೇ ಹೇಳಿದೆ. ಅವನು ಕೇಳಿಸಿಕೊಂಡು ನಿಧಾನವಾಗಿ ಉತ್ತರ ಕೊಟ್ಟ. ಅವನ ಮನೆ ಕ್ಯಾಂಪಸ್ ಪಕ್ಕದಲ್ಲೇ. ದಿನಾ ಬಸ್ಸು ಸಾಕು. ಕಾರು ಶನಿವಾರ, ಭಾನುವಾರಕ್ಕೆ. ಹಿಮ ಬಿದ್ದ ರಸ್ತೆಗೆ ಇಳಿಸುವುದೇ ಇಲ್ಲ. ಹಾಗಾದರೆ ಲೆಕ್ಕ ಬೇರೆ. ನಾನು ಷರತ್ತು ಹಾಕಿದೆ. ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ಎಬಿಎಸ್ ಇರುವ ಕಾರೇ ಆಗಬೇಕು, ಮೊದಲ ತಿಂಗಳು ಬೆಳಕಿದ್ದಾಗ ಮಾತ್ರ ಓಡಿಸಬೇಕು, ಪಕ್ಕದಲ್ಲಿ ಗೆಳೆಯರನ್ನು ಕೂರಿಸಿಕೊಂಡು ಜೋರು ತೋರಿಸಬಾರದು. ಒಪ್ಪಿದ. ಅವನ ಅಪ್ಪನಿಗೂ ನಾನೇ ಫೋನ್ ಮಾಡಿ ಎಲ್ಲ ಹೇಳಿದೆ. "ನಿನ್ನ ಜವಾಬ್ದಾರಿ" ಅಂದ. ಆ ಮಾತು ಭಾರವಾಗಿಯೇ ಇತ್ತು.

ಪವರ್ ಇಲ್ಲ ಅಂದನಲ್ಲ, ಅದಕ್ಕೂ ಉತ್ತರ ಕೊಡಬೇಕಿತ್ತು. ಮಿಯಾಟಾ 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೋ ಶೋನಲ್ಲಿ ಮೊದಲು ಕಾಣಿಸಿಕೊಂಡಾಗ 1.6 ಲೀಟರ್ ಎಂಜಿನ್, 116 ಅಶ್ವಶಕ್ತಿ. ನಾವು ಹುಡುಕುತ್ತಿದ್ದ 1999ರ ಎರಡನೇ ಪೀಳಿಗೆಗೆ 1.8 ಲೀಟರ್, 140. ತೂಕ ಸಾವಿರ ಕಿಲೋಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಎಂಜಿನ್ ಮುಂದೆ, ತಿರುಗುವುದು ಹಿಂದಿನ ಚಕ್ರ. ಎರಡನೇ ಗೇರನ್ನು ಪೂರ್ತಿ ಎಳೆದು ಮೂರನೆಯದಕ್ಕೆ ಹಾಕಿದರೂ ನೀವಿನ್ನೂ ಹೈವೇಯ ಮಿತಿಯ ಆಸುಪಾಸಿನಲ್ಲೇ ಇರುತ್ತೀರಿ. 287 ಅಶ್ವಶಕ್ತಿಯ ಕಾರಿನಲ್ಲಿ ಅಷ್ಟೇ ಖುಷಿ ಬೇಕು ಅಂದರೆ ಜೈಲಿಗೆ ಹೋಗುವ ವೇಗ ಬೇಕು. ಕಲಿಯುವವನಿಗೆ ಕಾರು ನಿಧಾನಕ್ಕೆ ಮಾತಾಡಬೇಕು, ಕೇಳಿಸಿಕೊಳ್ಳಲು ಸಮಯ ಸಿಗಬೇಕು.

ಮೊದಲು ನೋಡಿದ ಮಿಯಾಟಾ ನಮ್ಮ ಮನೆಯಿಂದ ಇಪ್ಪತ್ತೇ ನಿಮಿಷ ದೂರದಲ್ಲಿತ್ತು. ಕೆಂಪು ಬಣ್ಣ, ಹೊಸ ಹುಡ್, 4,200 ಡಾಲರ್. ಹುಡುಗನ ಕಣ್ಣು ಹೊಳೆಯಿತು. ನಾನು ಜೇಬಿನಿಂದ ಮ್ಯಾಗ್ನೆಟ್ ತೆಗೆದು ಬಾಗಿಲ ಕೆಳಗಿನ ಪಟ್ಟಿಗೆ, ಹಿಂದಿನ ಚಕ್ರಕ್ಕೆ ಸ್ವಲ್ಪ ಮುಂದೆ, ಅಂಟಿಸಲು ನೋಡಿದೆ. ಜಾರಿ ಬಿತ್ತು. ಇನ್ನೊಂದು ಬದಿಗೆ ಹೋದೆ. ಅಲ್ಲೂ ಬಿತ್ತು. ತಗಡು ಕೊಳೆತು ಹೋಗಿತ್ತು. ಪುಟ್ಟಿ ತುಂಬಿ ಮೇಲೆ ಬಣ್ಣ ಹೊಡೆದಿದ್ದರು. ಊರಿನ ಟಿಂಕರಿಂಗ್ ಅಂಗಡಿ ಕಂಡವರಿಗೆ ಇದೇನು ಹೊಸದಲ್ಲ.

ಮಿಯಾಟಾದಲ್ಲಿ ಆ ಜಾಗವೇ ಯಾಕೆ ಕೊಳೆಯುತ್ತದೆ ಅಂದರೆ, ಹುಡ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಎರಡು ಮೂಲೆಗಳಿಂದ ಸಣ್ಣ ಕೊಳವೆಯಲ್ಲಿ ಇಳಿದು ಹಿಂದಿನ ಚಕ್ರದ ಮುಂದೆ ಹೊರಬೀಳುತ್ತದೆ. ಎಲೆ, ಕಸ ಕಟ್ಟಿಕೊಂಡರೆ ನೀರು ಒಳಗೇ ನಿಲ್ಲುತ್ತದೆ. ಬಾಗಿಲ ಕೆಳಗಿನ ಆ ಪೊಳ್ಳು ಪೆಟ್ಟಿಗೆ ಒಳಗಿನಿಂದಲೇ ತುಕ್ಕು ಹಿಡಿಯುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಮುಗಿದಿರುತ್ತದೆ. ಗಟ್ಟಿ ಛಾವಣಿ ಇಲ್ಲದ ಕಾರಿಗೆ ಗಟ್ಟಿತನ ಕೊಡುವುದೇ ಆ ಪಟ್ಟಿ. ಅಲ್ಲಿ ಪುಟ್ಟಿ ಇದ್ದರೆ ಪಕ್ಕದಿಂದ ಬಂದು ಗುದ್ದಿದವನಿಗೆ ತಡೆ ಏನಿದೆ? ಮೇಲಾಗಿ ಇದು ಮಿಶಿಗನ್. ಡೆಟ್ರಾಯಿಟ್ ನಗರದ ಅಡಿಯಲ್ಲೇ ಉಪ್ಪಿನ ಗಣಿ ಇದೆ. ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಇಲ್ಲಿ ಬೆಳೆದ ಹಳೇ ಕಾರಿನ ಅಡಿಭಾಗ ನೋಡಿದರೆ ಕಣ್ಣಲ್ಲಿ ನೀರು ಬರುತ್ತದೆ.

ಅವತ್ತೇ ತೀರ್ಮಾನ ಮಾಡಿದೆವು. ಉಪ್ಪು ಕಾಣದ ಕಾರೇ ಬೇಕು, ದಕ್ಷಿಣಕ್ಕೆ ಹೋಗೋಣ.

ಐದು ವಾರ ಹುಡುಕಿದ ಮೇಲೆ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಒಂದು ಸಿಕ್ಕಿತು. 1999ರ ಮಾಡೆಲ್, ಹಸಿರು ಬಣ್ಣ, ಐದು ಗೇರಿನ ಮ್ಯಾನ್ಯುವಲ್, ಎಬಿಎಸ್ ಇದೆ, 1,18,000 ಮೈಲಿ. ಮಾರುತ್ತಿದ್ದವರು ನಿವೃತ್ತರಾದ ಹಿರಿಯರು. 5,200 ಡಾಲರ್ ಕೇಳಿದ್ದರು. ಹೊರಡುವ ಮುಂಚೆ ಟೈಟಲ್‌ನ, ಅಂದರೆ ಕಾರಿನ ಒಡೆತನದ ಪತ್ರದ, ಫೋಟೋ ತರಿಸಿಕೊಂಡೆವು. ಅಪಘಾತದಲ್ಲಿ ಜಖಂ ಆಗಿ ಮತ್ತೆ ಕಟ್ಟಿದ ಕಾರಾದರೆ ಅದರಲ್ಲೇ ಬರೆದಿರುತ್ತದೆ. ವಿಐಎನ್ ಹಾಕಿ ದೋಷ ಸರಿಮಾಡಲು ಕಂಪನಿ ವಾಪಸ್ ಕರೆದ ರೀಕಾಲ್ ಏನಾದರೂ ಬಾಕಿ ಇದೆಯಾ ಅಂತ ನೋಡಿದೆವು. "ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡುವ ವಿಡಿಯೋ ಕಳಿಸಿ" ಅಂತ ಕೇಳಿದೆವು. ಬೇಸರ ಇಲ್ಲದೆ ಕಳಿಸಿದರು. ನಾವು ಬರುವ ತನಕ ಎಂಜಿನ್ ಚಾಲೂ ಮಾಡಬೇಡಿ ಅಂತಲೂ ಹೇಳಿದ್ದೆವು. ಹೋದ ಕೂಡಲೇ ಬಾನೆಟ್ ಮೇಲೆ ಕೈ ಇಟ್ಟೆ. ತಣ್ಣಗಿತ್ತು.

ಮ್ಯಾಗ್ನೆಟ್ ಎರಡೂ ಬದಿ ಟಕ್ಕಂತ ಅಂಟಿತು. ಒಂದು ಬಾಟಲಿ ನೀರನ್ನು ಸೀಟಿನ ಹಿಂದಿನ ಮೂಲೆಗೆ ನಿಧಾನವಾಗಿ ಹಾಕಿದೆವು. ಕೆಳಗೆ ಹುಡುಗ ಮಲಗಿ ನೋಡುತ್ತಿದ್ದ. "ಬಂತು ಅಂಕಲ್" ಅಂತ ಕೂಗಿದ. ನಾಲ್ಕು ಸಿಲಿಂಡರ್‌ನ ಕಂಪ್ರೆಶನ್ ಹೆಚ್ಚುಕಮ್ಮಿ ಒಂದೇ ಇತ್ತು. ರೇಡಿಯೇಟರ್‌ನ ಮೇಲಿನ ಪ್ಲಾಸ್ಟಿಕ್ ಮೊದಲು ಕಪ್ಪಗಿರುತ್ತದೆ, ವಯಸ್ಸಾದರೆ ಕಂದು ಬಣ್ಣಕ್ಕೆ ತಿರುಗುತ್ತದೆ. ಇದರದ್ದು ತಿರುಗಿತ್ತು. ಹಿರಿಯರ ಹತ್ತಿರ ರಸೀತಿಗಳ ಒಂದು ದಪ್ಪ ಫೈಲ್ ಇತ್ತು. ಎಂಜಿನ್ನಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ಆಡಿಸುವ ಟೈಮಿಂಗ್ ಬೆಲ್ಟನ್ನು 62,000 ಮೈಲಿಗೆ ಹಾಕಿಸಿದ್ದರು. ಇದಕ್ಕೆ ಕಂಪನಿ ಹೇಳುವ ಲೆಕ್ಕ 60,000 ಮೈಲಿಗೊಮ್ಮೆ, ಅಂದರೆ ಮತ್ತೆ ಹಾಕಿಸುವ ಹೊತ್ತು ಹತ್ತಿರ ಬಂದಿತ್ತು. ಸಮಾಧಾನದ ವಿಷಯ ಅಂದರೆ ಈ ಎಂಜಿನ್‌ನಲ್ಲಿ ಬೆಲ್ಟ್ ಹರಿದರೂ ವಾಲ್ವಿಗೆ ಪಿಸ್ಟನ್ ಹೊಡೆಯುವುದಿಲ್ಲ. ಕಾರು ನಿಲ್ಲುತ್ತದೆ ಅಷ್ಟೇ, ಎಂಜಿನ್ ಉಳಿಯುತ್ತದೆ. ಬೆಲ್ಟ್, ರೇಡಿಯೇಟರ್ ಎರಡನ್ನೂ ತೋರಿಸಿ 4,900ಕ್ಕೆ ಮಾತಾಡಿದೆವು.

ಬರುವಾಗ ಹುಡುಗ ಮಿಯಾಟಾದಲ್ಲಿ ಮುಂದೆ, ನಾನು ನನ್ನ ಕಾರಿನಲ್ಲಿ ಹಿಂದೆ. ಐ-75 ಹೆದ್ದಾರಿ ಜೆಲ್ಲಿಕೋ ಹತ್ತಿರ ಬೆಟ್ಟ ಹತ್ತಿ ಕೆಂಟಕಿಗೆ ಇಳಿಯುತ್ತದೆ. ನಮ್ಮ ಶಿರಾಡಿ ಘಾಟಿಯಷ್ಟು ತಿರುವಿಲ್ಲ. ಆದರೂ ಅವನು ಹುಡ್ ಇಳಿಸಿ, ಒಂದೊಂದು ತಿರುವಿಗೂ ಮುಂಚೆ ಗೇರ್ ಇಳಿಸಿ ಹೋಗುತ್ತಿದ್ದ. ಹಿಂದಿನಿಂದ ನೋಡುತ್ತಾ ನನಗೂ ಸಂತೋಷವಾಯಿತು.

ಇಪ್ಪತ್ತು ದಿನ ಕಳೆಯಿತು. ಅಕ್ಟೋಬರ್, ತುಂತುರು ಮಳೆ, ರಸ್ತೆ ಮೇಲೆ ಒದ್ದೆ ಎಲೆ. ಹೈವೇಗೆ ಹತ್ತುವ ಸುತ್ತು ರಸ್ತೆಯಲ್ಲಿ ಕಾರು ಜಾರಿತು. ಹುಡುಗ ಗಾಬರಿಯಲ್ಲಿ ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದ. ಹಿಂಭಾಗ ಮುಂದೆ ಬಂತು. ಒಂದೂವರೆ ಸುತ್ತು ತಿರುಗಿ ಹುಲ್ಲಿನ ಮೇಲೆ ನಿಂತಿತು. ಹಿಂದೆ ಯಾವ ಗಾಡಿಯೂ ಇರಲಿಲ್ಲ. ಅವನಿಗೆ ಏನೂ ಆಗಲಿಲ್ಲ, ಕಾರಿಗೂ ಏನೂ ಆಗಲಿಲ್ಲ.

ನಾನು ಹೋಗಿ ಟೈರ್ ನೋಡಿದೆ. ಗೆರೆಗಳು ಆಳವಾಗಿಯೇ ಇದ್ದವು. ಕೊಳ್ಳುವಾಗ ನೋಡಿದ್ದೂ ಅಷ್ಟೇ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಂಖ್ಯೆಯ ಕೊನೆಯ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷ. ಆ ಪೂರ್ತಿ ಸಂಖ್ಯೆ ಹೆಚ್ಚಾಗಿ ಟೈರಿನ ಒಂದೇ ಬದಿಗೆ ಇರುತ್ತದೆ. ನಮ್ಮ ಕಾರಿನಲ್ಲಿ ಅದು ಒಳಬದಿಗೆ ಇತ್ತು. ಟಾರ್ಚ್ ಹಿಡಿದು ಮಲಗಿ ಓದಿದೆ. 3108. ಅಂದರೆ 2008ರ 31ನೇ ವಾರ. ಹಿರಿಯರು ಕಾರನ್ನು ಕಮ್ಮಿ ಓಡಿಸುತ್ತಿದ್ದರು, ಹಾಗಾಗಿ ಟೈರ್ ಸವೆದಿರಲಿಲ್ಲ. ರಬ್ಬರ್ ಮಾತ್ರ ವರ್ಷಗಳಲ್ಲಿ ಗಟ್ಟಿಯಾಗಿ, ಒದ್ದೆ ನೆಲ ಹಿಡಿಯದ ಹಾಗಾಗಿತ್ತು.

ಬ್ರೇಕ್ ಎಷ್ಟು ಚೆನ್ನಾಗಿದ್ದರೂ ನೆಲ ಹಿಡಿಯುವುದು ಟೈರು ಅಂತ ನಾನು ಕೆಲಸದಲ್ಲಿ ದಿನಾ ಹೇಳುತ್ತೇನೆ. ತುಕ್ಕು, ಕಾಗದ, ಎಂಜಿನ್ ಎಲ್ಲ ನೋಡಿ, ಮಲಗಿ ಆ ನಾಲ್ಕು ಅಂಕಿ ಓದಲಿಲ್ಲ. ಇದು ನನ್ನ ತಪ್ಪು. ಇವತ್ತಿಗೂ ಆ ಸುತ್ತು ರಸ್ತೆ ಹತ್ತುವಾಗ ಎದೆ ಹಿಡಿದ ಹಾಗಾಗುತ್ತದೆ. ಅವತ್ತು ಸಂಜೆಯೇ ಹಾಸನಕ್ಕೆ ಫೋನ್ ಮಾಡಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಗೆಳೆಯ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಮಗು ಊಟ ಮಾಡಿದನಾ?" ಅಂತ ಕೇಳಿದ.

ಮಾರನೇ ದಿನವೇ ನಾಲ್ಕು ಹೊಸ ಟೈರ್ ಹಾಕಿಸಿದೆವು, 460 ಡಾಲರ್. ಬೇರೆ ಖಾತೆಯಲ್ಲಿ ದುಡ್ಡು ಇತ್ತು, ಅದಕ್ಕೇ ಸಾಧ್ಯವಾಯಿತು. ಎಲ್ಲ 9,000ವನ್ನೂ ಕಾರಿಗೇ ಹಾಕಿದ್ದರೆ "ಮುಂದಿನ ತಿಂಗಳು ನೋಡೋಣ" ಅಂತ ಅದೇ ಟೈರ್‌ನಲ್ಲಿ ಓಡಿಸುತ್ತಿದ್ದ. ಆರು ತಿಂಗಳ ಇನ್ಶೂರೆನ್ಸ್ 980, ತೆರಿಗೆ 294, ನಂಬರ್ ಪ್ಲೇಟು ಇತ್ಯಾದಿ 150, ಪ್ರಯಾಣ 310. ಬೆಲ್ಟ್ ಮತ್ತು ವಾಟರ್ ಪಂಪ್ 180, ರೇಡಿಯೇಟರ್ 130. ಇವೆರಡನ್ನೂ ನನ್ನ ಗ್ಯಾರೇಜಿನಲ್ಲಿ ಅವನೇ ಹಾಕಿದ. ಮುಂದಿನ ವಸಂತದಲ್ಲಿ ಕ್ಲಚ್ಚಿನ ಸ್ಲೇವ್ ಸಿಲಿಂಡರ್ ಸೋರಿತು. ವಯಸ್ಸಾದ ಮಿಯಾಟಾಗಳಲ್ಲಿ ಅದು ಮಾಮೂಲು, 40 ಡಾಲರ್‌ನಲ್ಲಿ ಮುಗಿಯಿತು.

ಟೈರ್ ಒಂದೇ ಕಾರಣ ಅಲ್ಲ, ಕಾಲೂ ಕಾರಣ. ತಿರುವಿನ ನಡುವೆ ಆಕ್ಸಿಲರೇಟರ್ ತಟ್ಟನೆ ಬಿಟ್ಟರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರ ಹಗುರಾಗುತ್ತದೆ, ಹಿಡಿತ ಬಿಡುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಕಾಲಿಗೆ ಅರ್ಥವಾಗುವುದಿಲ್ಲ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದವರು ದೊಡ್ಡ ಖಾಲಿ ಮೈದಾನಗಳಲ್ಲಿ ಕೋನ್ ಇಟ್ಟು ಆಟೋಕ್ರಾಸ್ ನಡೆಸುತ್ತಾರೆ. ಒಮ್ಮೆಗೆ ಒಂದೇ ಕಾರು, ಹೆಲ್ಮೆಟ್ ಕಡ್ಡಾಯ, ಹೊಡೆದರೆ ಕೋನ್‌ಗೆ ಹೊಡೆಯಬೇಕು ಅಷ್ಟೇ. ಅಲ್ಲಿಗೆ ಕರೆದುಕೊಂಡು ಹೋದೆ. ಮೊದಲ ದಿನ ಮೂರು ಸಲ ತಿರುಗಿ ನಿಂತ. ನಾಲ್ಕನೇ ಸಲ ಹಿಂಭಾಗ ಜಾರಲು ಶುರುವಾದಾಗ ಕಾಲನ್ನು ಸ್ವಲ್ಪವೇ ಸಡಿಲ ಮಾಡಿ, ಹೋಗಬೇಕಾದ ಕಡೆ ಕಣ್ಣಿಟ್ಟು, ಸ್ಟೀರಿಂಗ್ ತಿರುಗಿಸಿ ಹಿಡಿದ. ಇಳಿದು ಬಂದಾಗ ಕೈ ನಡುಗುತ್ತಿತ್ತು. "ಅವತ್ತು ನಾನು ರಸ್ತೆ ಪಕ್ಕದ ಹುಲ್ಲನ್ನೇ ನೋಡ್ತಿದ್ದೆ ಅಂಕಲ್" ಅಂದ.

ಈಗ ಮತ್ತೆ ಯಾರಾದರೂ ಕೇಳಿದರೆ ಒಂದು ವಿಷಯದಲ್ಲಿ ನನ್ನ ಸಲಹೆ ಬದಲಾಗಿದೆ. ಮೂರನೇ ಪೀಳಿಗೆಯ ಮಿಯಾಟಾದಲ್ಲಿ, ಅಂದರೆ 2006ರಿಂದ ಈಚೆಗೆ ಬಂದದ್ದರಲ್ಲಿ, ಕೆಲವಕ್ಕೆ ಸ್ಟೆಬಿಲಿಟಿ ಕಂಟ್ರೋಲ್ ಇದೆ. ಇನ್ನೂ ಮೂರು ತಿಂಗಳು ಕಾದಿದ್ದರೂ ಪರವಾಗಿರಲಿಲ್ಲ, ಅಂಥದ್ದನ್ನೇ ಹುಡುಕಬೇಕಿತ್ತು. ದುಡ್ಡು ಇನ್ನೂ ಸ್ವಲ್ಪ ಜಾಸ್ತಿ ಇರುವವರು 2013ರ ನಂತರದ ಸೈಯಾನ್ ಎಫ್‌ಆರ್-ಎಸ್ ಅಥವಾ ಸುಬಾರು ಬಿಆರ್‌ಝಡ್ ನೋಡಲಿ. ಅವುಗಳ ಮೇಲೆ ಗಟ್ಟಿ ಛಾವಣಿ ಇದೆ, ಪಕ್ಕದಲ್ಲೂ ಏರ್‌ಬ್ಯಾಗ್ ಇವೆ. ಊರಿನಲ್ಲಿ ಇರುವವರಿಗೆ ಈ ಕಾರುಗಳ ಮಾತು ಉಪಯೋಗಕ್ಕೆ ಬರಲ್ಲ, ಮಾಜ್ದಾ ಭಾರತದಲ್ಲಿ ಕಾರು ಮಾರಿದ್ದೇ ಇಲ್ಲ. ಆದರೆ ಟೈರಿನ ನಾಲ್ಕು ಅಂಕಿ ಅಲ್ಲೂ ಇರುತ್ತದೆ. ಹಳೇ ಕಾರು ಯಾವುದೇ ಆಗಲಿ, ದಯವಿಟ್ಟು ಮಲಗಿ ಓದಿ.

ಡಿಸೆಂಬರ್‌ನಿಂದ ಮಾರ್ಚ್ ತನಕ ಹಸಿರು ಕಾರು ನನ್ನ ಗ್ಯಾರೇಜಿನಲ್ಲಿ ನಿಂತಿರುತ್ತದೆ. ಏಪ್ರಿಲ್‌ನಲ್ಲಿ ಎರಡು ಮೂರು ಜೋರು ಮಳೆ ಬಂದು ರಸ್ತೆಯ ಉಪ್ಪು ತೊಳೆದು ಹೋದ ಮೇಲೆ ಹುಡುಗ ಬರುತ್ತಾನೆ. ಬ್ಯಾಟರಿ ಜೋಡಿಸುವ ಮುಂಚೆ ಬಾಟಲಿಯಲ್ಲಿ ನೀರು ತಂದು ಸೀಟಿನ ಹಿಂದಿನ ಮೂಲೆಗೆ ಹಾಕುತ್ತಾನೆ. ಈಗ ಕೆಳಗೆ ಮಲಗಿ ನೋಡುವುದು ನನ್ನ ಕೆಲಸ. ಎಡಗಡೆ ಬಂತು ಅನ್ನುತ್ತೇನೆ. ಅವನು ಬಲಗಡೆಗೆ ಹೋಗುತ್ತಾನೆ.